ಯಾರೂ ತೊಡದ ಬಿಲ್ಲೆ

ಫಿಲ್ಮಿನ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕಪ್ಪು. ಎರಡನೆಯದನ್ನು ಹಿಡಿದೆ. ಅದೂ ಕಪ್ಪು. ಹನ್ನೆರಡನೆಯದಕ್ಕೆ ಬರುವಷ್ಟರಲ್ಲಿ ನನಗೇ ಗೊತ್ತಿಲ್ಲದೆ ಹಲ್ಲು ಕಡಿಯುತ್ತಿದ್ದೆ.

"ಏನಿದೆ ಮೇಡಂ ಅದ್ರಲ್ಲಿ?" ಎಂದಳು ಬಾಗಿಲಲ್ಲಿ ನಿಂತಿದ್ದ ಇಸ್ತ್ರಿಯವಳು.

ಅವಳಿಗೆ ಏನು ಹೇಳಲಿ? ಈ ಕೋಣೆಯ ಮುದುಕ, ಇಡೀ ಕಾಲೊನಿ 'ಕತ್ತಲೆ ತಾತ' ಎಂದು ಕರೆಯುತ್ತಿದ್ದವನು, ಕಾರ್ಖಾನೆಯ ಕೆಸರುಹೊಂಡದಲ್ಲಿ ಹೆಣವಾಗಿ ಸಿಕ್ಕಿ ಒಂಬತ್ತು ದಿನವಾಗಿತ್ತು. ಕೊಂದವನೆಂದು ಪೊಲೀಸರು ಎಳೆದೊಯ್ದಿದ್ದು ಇವಳ ತಮ್ಮನನ್ನು, ಕಾರ್ಖಾನೆಯ ಹಳೆಯ ಪಂಪ್ ಆಪರೇಟರನ್ನು.

ಆ ದಿನ ಮಧ್ಯಾಹ್ನ ನಾಲ್ಕಕ್ಕೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ, ದೂರದ ದೊಡ್ಡ ಜೈಲಿಗೆ ಕಳಿಸುವುದೆಂದು ತೀರ್ಮಾನವಾಗಿತ್ತು. ಅವನ ಮೈಯಲ್ಲಿ ರಕ್ತ ಊರುವುದು ನಿಂತು ಎರಡು ವರ್ಷವಾಗಿದೆ. ಹದಿನೈದು ದಿನಕ್ಕೊಮ್ಮೆ ಬೇರೆಯವರ ರಕ್ತ ಹಾಕಿಸಿಕೊಂಡರೆ ಮಾತ್ರ ಉಸಿರು. ಆ ಜೈಲಿನ ಡಾಕ್ಟರ ಹತ್ತಿರ ಇರುವುದು ಜ್ವರದ ಮಾತ್ರೆ. ಅಲ್ಲಿಗೆ ಹೋದರೆ ಅವನು ವಾಪಸು ಬರುವುದಿಲ್ಲ ಎನ್ನುವುದು ಅಕ್ಕನಿಗೂ ಗೊತ್ತು, ನನಗೂ ಗೊತ್ತು, ಹಿಡಿದುಕೊಂಡು ಹೋದ ಇನ್‌ಸ್ಪೆಕ್ಟರಿಗೂ ಗೊತ್ತು. ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು.

ಪೊಲೀಸರು ಈ ಕೋಣೆಯನ್ನು ಎರಡು ಸಲ ಜಾಲಾಡಿದ್ದರು. ಅಡುಗೆಮನೆಯ ತೊಟ್ಟಿಯ ಕೆಳಗಿದ್ದ ಈ ಕಪ್ಪು ಪೆಟ್ಟಿಗೆಯನ್ನೂ ನೋಡಿದ್ದರು. ಅದರ ಮುಚ್ಚಳದ ಮೇಲೆ 'ಬೆಳಕಿನಲ್ಲಿ ತೆರೆಯಬಾರದು' ಎಂದು ಬರೆದಿತ್ತು. ನಮ್ಮ ಪೊಲೀಸರು ಜೀವಮಾನದಲ್ಲಿ ಒಂದೇ ಒಂದು ಸೂಚನೆಯನ್ನು ಪಾಲಿಸಿದ್ದರೆ ಅದು ಇದೇ ಇರಬೇಕು. ನಾನು ಪತ್ತೇದಾರಿಕೆಗೆ ಇಳಿಯುವ ಮೊದಲು ಇಪ್ಪತ್ತೆರಡು ವರ್ಷ ಇದೇ ಇಲಾಖೆಯಲ್ಲಿ ಫೋಟೋ ತೆಗೆದು, ತೊಳೆದು, ಹೆಣಗಳ ಮುಖಕ್ಕೆ ನಂಬರು ಅಂಟಿಸಿದವಳು. ತೊಳೆದು ಮುಗಿದ ಫಿಲ್ಮಿಗೆ ಬೆಳಕಿನ ಭಯವಿಲ್ಲವೆಂದು ನನಗೆ ಗೊತ್ತು. ತೆರೆದೆ. ಒಳಗೆ ಎಪ್ಪತ್ತೆರಡು ಚಿಕ್ಕ ಫಿಲ್ಮುಗಳು, ಆರು ವರ್ಷದ್ದು, ತಿಂಗಳಿಗೊಂದರಂತೆ ಲಕೋಟೆಯಲ್ಲಿ ಜೋಡಿಸಿಟ್ಟಿದ್ದವು.

ಒಂದು ಲಕೋಟೆಯ ಮೇಲೂ ಮನುಷ್ಯನ ಹೆಸರಿಲ್ಲ. ಎಲ್ಲದರ ಮೇಲೂ ಒಂದೇ ಮಾತು: 'ಗೋಡೆ ಬಿಲ್ಲೆ'.

ಕಾರ್ಖಾನೆ ನಡೆಯುತ್ತಿದ್ದಾಗ ಗುಡ್ಡದಾಚೆಯ ಮೈದಾನದಲ್ಲಿ ಸರ್ಕಾರ ಬಾಂಬು ಸಿಡಿಸಿ ನೋಡುತ್ತಿತ್ತು. ಸಿಡಿದ ಲೋಹವನ್ನೂ ಸುಟ್ಟ ಮಣ್ಣನ್ನೂ ಲಾರಿಗಳಲ್ಲಿ ಇಲ್ಲಿಗೆ ತಂದು ತೊಳೆದು, ಬೇಕಾದ್ದನ್ನು ಹೆಕ್ಕಿಕೊಳ್ಳುತ್ತಿದ್ದರು. ತೊಳೆದ ನೀರು ಹೊಂಡಕ್ಕೆ, ಹೊಂಡದಿಂದ ನೆಲಕ್ಕೆ, ನೆಲದಿಂದ ಕಾಲೊನಿಯ ಬಾವಿಗೆ ಹೋಗುತ್ತಿತ್ತು. ಕೆಲಸಗಾರರ ಎದೆಗೆ ಒಂದೊಂದು ಬಿಲ್ಲೆ ಸಿಕ್ಕಿಸಿದ್ದರು. ಬಿಲ್ಲೆಯೊಳಗೆ ಚೂರು ಫಿಲ್ಮು. ಕಣ್ಣಿಗೆ ಕಾಣದ ಕಿರಣ ಮೈಗೆ ತಾಗಿದಷ್ಟೂ ಫಿಲ್ಮು ಕಪ್ಪಾಗುತ್ತದೆ. ತಿಂಗಳ ಮೊದಲ ದಿನ ಅದನ್ನೆಲ್ಲ ತೊಳೆದು, ಎಷ್ಟು ಕಪ್ಪಾಗಿದೆಯೆಂದು ಅಳೆದು ಬರೆಯುವುದು ಕತ್ತಲೆ ತಾತನ ಕೆಲಸವಾಗಿತ್ತು.

ಗೋಡೆ ಬಿಲ್ಲೆಯನ್ನು ಮಾತ್ರ ಯಾರೂ ತೊಡುವುದಿಲ್ಲ. ಹೆಸರು ಗೋಡೆಯದಾದರೂ ಅದನ್ನು ಕಿರಣ ತಾಗದ ಸೀಸದ ಬೀರುವಿನಲ್ಲಿ ಭದ್ರವಾಗಿ ಇಡಬೇಕು. ಹಳೆಯದಾಗುತ್ತ ಫಿಲ್ಮು ತಾನಾಗಿಯೇ ಒಂದಿಷ್ಟು ಮಬ್ಬಾಗುತ್ತದಲ್ಲ, ಅದೆಷ್ಟೆಂದು ತಿಳಿಯಲು ಈ ಬಿಲ್ಲೆ. ಅದರ ಕಪ್ಪನ್ನು ಎಲ್ಲರ ಕಪ್ಪಿನಿಂದ ಕಳೆದು, ಉಳಿದದ್ದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ತರಕಾರಿ ತೂಗುವಾಗ ಬುಟ್ಟಿಯ ತೂಕ ಕಳೆದ ಹಾಗೆ.

ಇಲ್ಲಿ ಬುಟ್ಟಿಯ ತಳದಲ್ಲಿ ಯಾರೋ ಬಂಡೆ ಇಟ್ಟಿದ್ದರು. ಸೀಸದ ಬೀರುವಿನಲ್ಲಿದ್ದ ಫಿಲ್ಮು ಹೀಗೆ ಕಾಡಿಗೆಯ ಹಾಗೆ ಆಗಲು ಸಾಧ್ಯವೇ ಇಲ್ಲ. ಇಷ್ಟು ಕಪ್ಪನ್ನು ಕಳೆದರೆ ಯಾರ ಎದೆಯಲ್ಲಿ ಏನು ಉಳಿಯುತ್ತದೆ? ಸೊನ್ನೆ. ಆರು ವರ್ಷ, ನಾನೂರು ಜನ, ಎಲ್ಲರಿಗೂ ಸೊನ್ನೆ. ರಕ್ತ ಕೆಟ್ಟವರಿಗೆ, ಗಂಟಲಲ್ಲಿ ಗೆಡ್ಡೆ ಬೆಳೆದವರಿಗೆ, ಬಸುರು ನಿಲ್ಲದ ಹೆಂಗಸರಿಗೆ, ಎಲ್ಲರಿಗೂ ಸರ್ಕಾರ ಇದೇ ಸೊನ್ನೆ ತೋರಿಸಿ ಬಾಗಿಲು ಹಾಕಿಕೊಂಡಿತ್ತು.

ಕಾರ್ಖಾನೆ ಮುಚ್ಚಿದಾಗ ಫಿಲ್ಮುಗಳನ್ನೆಲ್ಲ ಸುಡಲು ಆದೇಶ ಬಂತು. ಪಟ್ಟಿ ಮಾಡಿದವರು ಕೆಲಸಗಾರರ ನಂಬರಿನ ಪ್ರಕಾರ ಮಾಡಿದರು. ಗೋಡೆಗೆ ನಂಬರು ಎಲ್ಲಿಂದ ಬರಬೇಕು? ಪಟ್ಟಿಯಲ್ಲಿ ಇಲ್ಲದ್ದನ್ನು ತಾತ ಸುಡಲಿಲ್ಲ. ಅವನು ಅಂಥ ಮನುಷ್ಯ, ಬರೆದಿದ್ದಷ್ಟೇ ಮಾಡುವವನು. ಮನುಷ್ಯರ ಗುರುತೆಲ್ಲ ಬೂದಿಯಾಗಿ ಗೋಡೆಯ ಗುರುತು ಉಳಿದದ್ದು ಹೀಗೆ.

ಆದರೆ ಬದುಕೆಲ್ಲ ಫಿಲ್ಮು ತೊಳೆದವನಿಗೆ ಇದು ಕಾಣಲಿಲ್ಲವೇ? ಮೇಲಿನಿಂದ ಅವನಿಗೆ ಹೇಳಿದ್ದು, ಸರಬರಾಜಾಗುವ ಫಿಲ್ಮೇ ಹಳೆಯದು, ಪೂರ್ತಿ ಮಬ್ಬು ಹಿಡಿದಿದೆ, ಅದಕ್ಕೇ ಎಲ್ಲವೂ ಕಪ್ಪು ಎಂದು. ಅವನು ಗೋಣು ಹಾಕಿದ. ಪಂಪಿನವನು ಹೋದ ವಾರ ಬೀದಿಯಲ್ಲಿ ನಿಂತು, ನಮಗೆಲ್ಲ ಸೊನ್ನೆ ಬರೆದವನು ನೀನೇ ಎಂದು ಮುದುಕನ ಕೊರಳಪಟ್ಟಿ ಹಿಡಿದಾಗಲೂ ಅವನು ಇದೇ ಮಬ್ಬಿನ ಕಥೆ ಹೇಳಿದ್ದ. ಆ ಜಗಳವನ್ನು ನೋಡಿದ ಮೂವತ್ತು ಜನರೇ ಈಗ ಪೊಲೀಸರ ಮೂವತ್ತು ಸಾಕ್ಷಿಗಳು.

ನಾನು ಇನ್ನೊಂದು ಫಿಲ್ಮನ್ನು ಓರೆಯಾಗಿ ಹಿಡಿದೆ. ಕಪ್ಪಿನ ನಡುವೆ ಒಂದು ಬಿಳಿಯ ಗೆರೆ, ತುದಿ ಬಾಗಿದ್ದು, ಕೊಕ್ಕೆಯ ಆಕಾರ. ಎಪ್ಪತ್ತೆರಡನ್ನೂ ನೋಡಿದೆ. ಎಲ್ಲದರಲ್ಲೂ ಅದೇ ಕೊಕ್ಕೆ, ಅದೇ ಜಾಗದಲ್ಲಿ.

ಮಬ್ಬು ಹಿಡಿದ ಫಿಲ್ಮಿನಲ್ಲಿ ನೆರಳು ಬೀಳುವುದಿಲ್ಲ. ನೆರಳು ಬಿದ್ದಿದೆಯೆಂದರೆ ಕಿರಣ ಒಂದು ದಿಕ್ಕಿನಿಂದ ಬಂದಿದೆ. ಬಿಲ್ಲೆ ಬೀರುವಿನಲ್ಲಿ ಇರಲೇ ಇಲ್ಲ. ಯಾವುದೋ ಗೋಡೆಗೆ, ಕಬ್ಬಿಣದ ಕೊಕ್ಕೆಗೆ ನೇತಾಡುತ್ತಿತ್ತು. ಗೋಡೆಯ ಆಚೆ ಬದಿಯಲ್ಲಿ ವಿಷವಿತ್ತು.

ಪೆಟ್ಟಿಗೆಯ ತಳದಲ್ಲಿ ಒಂದು ಹಾಳೆ ಸಿಕ್ಕಿತು. ಮೇಲ್ಗಡೆ ತಾತನ ನಡುಗುವ ಅಕ್ಷರದಲ್ಲಿ 'ಮಬ್ಬಲ್ಲ, ನೆರಳಿದೆ' ಎಂದಿತ್ತು. ಕೆಳಗೆ ಬೇರೆ ಕೈ ಬರೆದ ನಕ್ಷೆ: ತಾತ ಫಿಲ್ಮು ತೊಳೆಯುತ್ತಿದ್ದ ಪ್ರಯೋಗಾಲಯದ ಗೋಡೆ, ಅದರ ಬೆನ್ನಿಗೇ ಕೆಸರು ತೊಳೆಯುವ ತೊಟ್ಟಿ, ಕೊಳವೆಗಳು. ಪಕ್ಕದಲ್ಲಿ ಜಗಳವಾದ ಮರುದಿನದ ತಾರೀಖು.

ಇಸ್ತ್ರಿಯವಳು ಹಾಳೆಯನ್ನು ನೋಡಿದ ತಕ್ಷಣ ಅದು ತಮ್ಮನ ಕೈಬರಹವೆಂದಳು. ವಾಲ್ವುಗಳನ್ನು ಅವನು ನಾಲ್ಕು ದಳದ ಹೂವಿನ ಹಾಗೆ ಬರೆಯುತ್ತಾನಂತೆ, ಚಿಕ್ಕಂದಿನಿಂದಲೂ.

ನನ್ನ ಎದೆ ಹಗುರವಾಯಿತು. ಸೋಮವಾರ ಜಗಳವಾಡಿದವರು ಮಂಗಳವಾರ ಒಂದೇ ಹಾಳೆಯ ಮುಂದೆ ಕೂತು ಲೆಕ್ಕ ಹಾಕಿದ್ದರು. ಹಾಗಿದ್ದರೆ ಗುರುವಾರ ಬೆಳಗ್ಗೆ ಹೆಣವಾಗಿ ಸಿಕ್ಕ ಮುದುಕನನ್ನು ಕೊಲ್ಲಲು ಪಂಪಿನವನಿಗೆ ಕಾರಣವೇ ಇರಲಿಲ್ಲ. ಇದೊಂದು ಹಾಳೆ ನಾಲ್ಕು ಗಂಟೆಯೊಳಗೆ ಕೋರ್ಟು ಸೇರಿದರೆ ಸಾಕಿತ್ತು. ಆದರೆ ಒಂದು ಮಾತ್ರ ಅರ್ಥವಾಗಲಿಲ್ಲ. ಇದನ್ನು ಪಂಪಿನವನೇ ಯಾಕೆ ಹೇಳಲಿಲ್ಲ? ಜಪ್ಪಯ್ಯ ಎಂದರೂ ಒಂಬತ್ತು ದಿನದಿಂದ ಅವನು ತುಟಿ ಬಿಚ್ಚಿರಲಿಲ್ಲ.

ಇದನ್ನು ಗಟ್ಟಿಯಾಗಿಯೇ ಅಕ್ಕನಿಗೆ ಹೇಳಿದೆ. ಅವಳು ಆ ನಕ್ಷೆಯ ಗೋಡೆಯನ್ನೇ ನೋಡುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಅವಳು ಆರು ವರ್ಷ ಅದೇ ಪ್ರಯೋಗಾಲಯದಲ್ಲಿ ಕಸ ಗುಡಿಸಿದ್ದಳು. ನೆನಪು ನುಗ್ಗಿರಬೇಕೆಂದುಕೊಂಡು ನಾನು ಕೆದಕಲಿಲ್ಲ. ವಕೀಲರ ಜೊತೆ ಕೋರ್ಟಿನ ಹತ್ತಿರ ಇರು ಎಂದು ಹೇಳಿ, ಫಿಲ್ಮುಗಳನ್ನೂ ಹಾಳೆಯನ್ನೂ ಲಕೋಟೆಗೆ ಸೇರಿಸಿಕೊಂಡು ಗುಡ್ಡದ ರಸ್ತೆ ಹಿಡಿದೆ. ಸೀಸದ ಬೀರುವಿಗೆ ಒಂದೇ ಕೀ ಇತ್ತು. ಆ ಕೀ ಯಾರ ಜೇಬಿನಲ್ಲಿತ್ತೆಂದು ಕಾಲೊನಿಯ ಮಕ್ಕಳಿಗೂ ಗೊತ್ತು.

ಸುರಕ್ಷಾ ಅಧಿಕಾರಿಯಾಗಿ ನಿವೃತ್ತರಾದ ಆ ಸಾಹೇಬರಿಗೆ ಕಾಲೊನಿಯವರು ಇಟ್ಟ ಹೆಸರು 'ಸೊನ್ನೆ ಸಾಹೇಬ'. ಪ್ರತಿ ತಿಂಗಳ ನೋಟೀಸಿನ ಕೆಳಗೂ ಅವರ ಸಹಿ ಇರುತ್ತಿತ್ತು.

ಮನೆ ಗುಡ್ಡದ ನೆತ್ತಿಯಲ್ಲಿ, ಗಾಳಿ ಹಾಯುವ ಕಡೆಗಿತ್ತು. ಗೇಟಿನಿಂದ ಬಾಗಿಲವರೆಗೆ ಒಂದಿಂಚು ಮಣ್ಣು ಕಾಣದ ಹಾಗೆ ಸಿಮೆಂಟು ಬಳಿದಿದ್ದರು. ಗಿಡಗಳಿಗೇನೂ ಕೊರತೆಯಿರಲಿಲ್ಲ. ನೂರಾರು ಗುಲಾಬಿ, ಎಲ್ಲವೂ ಕುಂಡದಲ್ಲಿ. ವರಾಂಡದ ಮೂಲೆಯಲ್ಲಿ ಬೇರೆ ಊರಿನಿಂದ ತರಿಸಿದ ನೀರಿನ ಕ್ಯಾನುಗಳನ್ನು ಒಂದರ ಮೇಲೊಂದು ಪೇರಿಸಿದ್ದರು. ಕೆಳಗೆ ನಾನೂರು ಮನೆಯವರು ಇಪ್ಪತ್ತು ವರ್ಷದಿಂದ ಆ ಬಾವಿಯ ನೀರನ್ನೇ ಕುಡಿಯುತ್ತಿದ್ದಾರೆ. 'ನೀರು ಪೂರ್ಣ ಸುರಕ್ಷಿತ' ಎಂಬ ಬೋರ್ಡಿಗೂ ಇದೇ ಮನುಷ್ಯನ ಸಹಿಯಿದೆ.

ಸಾಹೇಬರು ಕತ್ತರಿ ಹಿಡಿದು ಒಣಗಿದ ಹೂ ಕತ್ತರಿಸುತ್ತಿದ್ದರು. ಎಪ್ಪತ್ತು ದಾಟಿದ ನೆಟ್ಟಗಿನ ದೇಹ, ಇಸ್ತ್ರಿ ಮುರಿಯದ ಶರ್ಟು. ಕೂರಲು ಹೇಳಿದರು, ಕ್ಯಾನಿನಿಂದ ನೀರು ಬಗ್ಗಿಸಿ ಕೊಟ್ಟರು. ನಾನು ಮುಟ್ಟಲಿಲ್ಲ.

"ಕುಂಡದ ಮಣ್ಣು ಎಲ್ಲಿಂದ ತರಿಸ್ತೀರಿ?" ಎಂದೆ.

"ನರ್ಸರಿಯಿಂದ."

"ಅಂಗಳದಲ್ಲೇ ಬೇಕಾದಷ್ಟಿತ್ತಲ್ಲ."

ಅವರು ಕತ್ತರಿಯನ್ನು ಕೆಳಗಿಟ್ಟರು. ಬಂದ ವಿಷಯ ಹೇಳಿ ಎಂದರು. ನಾನು ಒಂದು ಫಿಲ್ಮನ್ನು ತೆಗೆದು ಬೆಳಕಿಗೆ ಹಿಡಿದು ಕೊಕ್ಕೆಯ ನೆರಳನ್ನು ತೋರಿಸಿದೆ. ಗೋಡೆ ಬಿಲ್ಲೆ ಬೀರುವಿನಲ್ಲಿ ಇರಲಿಲ್ಲವೆಂದೂ ಅದನ್ನು ಕೆಸರಿನ ತೊಟ್ಟಿಯ ಬೆನ್ನಿಗೆ ನೇತುಹಾಕಿಸಿ ನಾನೂರು ಜನರ ಕಣ್ಣಿಗೆ ಮಣ್ಣೆರಚಿದ್ದೀರೆಂದೂ ನೇರವಾಗಿ ಹೇಳಿದೆ. ಮುದುಕ ಇದನ್ನು ಕಂಡುಹಿಡಿದ ಎರಡೇ ದಿನಕ್ಕೆ ಸತ್ತ ಎನ್ನುವುದನ್ನೂ ಸೇರಿಸಿದೆ.

ಅವರು ಬೆವರಲಿಲ್ಲ, ಬೈಯಲಿಲ್ಲ. ಒಳಗೆ ಹೋಗಿ ಒಂದು ರಟ್ಟಿನ ರಿಜಿಸ್ಟರನ್ನೂ ಒಂದು ಹಳೆಯ ಆದೇಶದ ಪ್ರತಿಯನ್ನೂ ತಂದು ಮೇಜಿನ ಮೇಲಿಟ್ಟರು. ಹುಡುಕಾಡುವ ಕೆಲಸವೇ ಇರಲಿಲ್ಲ. ಕೈಗೆ ಸಿಗುವ ಜಾಗದಲ್ಲೇ ಇಟ್ಟುಕೊಂಡಿದ್ದರು.

ಆದೇಶದಲ್ಲಿ, ಗೋಡೆ ಬಿಲ್ಲೆಯನ್ನು ಕಡ್ಡಾಯವಾಗಿ ಸೀಸದ ಬೀರುವಿನಲ್ಲೇ ಇಡತಕ್ಕದ್ದು ಎಂದಿತ್ತು. ಸಹಿ ಸಾಹೇಬರದು. ರಿಜಿಸ್ಟರಿನಲ್ಲಿ ಪ್ರತಿ ತಿಂಗಳ ಮೊದಲ ದಿನ ಒಂದೇ ಸಾಲು, 'ಬಿಲ್ಲೆ ಬದಲಾಯಿಸಿ ನೇತುಹಾಕಿದೆ'. ಅದರ ಮುಂದೆ ದುಂಡಗಿನ, ಶಾಲೆಯ ಹುಡುಗಿಯಂಥ ಸಹಿ. ಎಪ್ಪತ್ತೆರಡು ಸಹಿ.

ಆ ಸಹಿಯನ್ನು ನಾನು ಒಂಬತ್ತು ದಿನದ ಹಿಂದೆ ನೋಡಿದ್ದೆ. ತಮ್ಮನನ್ನು ಬಿಡಿಸಿಕೊಡಿ ಎಂದು ನನ್ನ ಕರಾರಿನ ಕಾಗದಕ್ಕೆ ಅವಳೇ ಹಾಕಿಕೊಟ್ಟಿದ್ದಳು.

"ನಾನು ಸರಿಯಾಗೇ ಬರೆದುಕೊಟ್ಟಿದ್ದೆ. ಕಸ ಗುಡಿಸೋಳು ಅದನ್ನ ಎಲ್ಲಿ ನೇತುಹಾಕಿದ್ಳೋ ನಾನೇನು ಮಾಡ್ಲಿ? ಅವನಿಗೂ ಇದನ್ನೇ ತೋರಿಸಿದೆ, ಬಾಯಿ ಮುಚ್ಕೊಂಡು ಹೋದ" ಎಂದರು ಸಾಹೇಬರು.

"ಯಾರಿಗೆ ತೋರಿಸಿದ್ರಿ?"

ಅವರು ಕನ್ನಡಕ ತೆಗೆದು ಒರೆಸಿದರು. ಕತ್ತಲೆ ತಾತನ ಮುಖ ನೋಡಿ ಹತ್ತು ವರ್ಷವಾಯಿತೆಂದು ಪೊಲೀಸರಿಗೆ ಹೇಳಿಕೆ ಕೊಟ್ಟವರು ಇವರೇ. ಬುಧವಾರ ಮುದುಕ ಈ ವರಾಂಡಕ್ಕೆ ಬಂದಿದ್ದ. ಈ ಸಹಿಗಳನ್ನು ನೋಡಿದ್ದ. ಕೆಳಗಿಳಿದು ಹೋಗಿ ಪಂಪಿನವನಿಗೆ ಹೇಳಿರಬೇಕು. ಪಂಪಿನವನ ಬಾಯಿಗೆ ಬೀಗ ಬಿದ್ದಿದ್ದು ಯಾಕೆಂದು ಈಗ ಹೊಳೆಯಿತು. ಬಿಲ್ಲೆಯ ವಿಷಯ ಎತ್ತಿದರೆ ಮರುಪ್ರಶ್ನೆ ಅದನ್ನು ನೇತುಹಾಕಿದ್ದು ಯಾರು ಎಂದೇ ಬರುತ್ತದೆ. ಹೆತ್ತಮ್ಮನಂತೆ ಸಾಕಿದ ಅಕ್ಕನ ಹೆಸರನ್ನು ಅವನು ಹೇಳುವುದುಂಟೇ?

"ಬೀರುವಿನ ಕೀ ಯಾರ ಹತ್ರ ಇರ್ತಿತ್ತು?" ಎಂದು ಕೇಳಿದೆ.

"ನನ್ನ ಹತ್ರಾನೇ. ಯಾರಿಗೂ ಕೊಡ್ತಿರಲಿಲ್ಲ. ಅಷ್ಟು ಜವಾಬ್ದಾರಿ ಇತ್ತು."

"ಕೀ ನಿಮ್ಮ ಜೇಬಲ್ಲಿ. ಬಿಲ್ಲೆ ಅವಳ ಕೈಯಲ್ಲಿ. ಬೀಗ ಹಾಕಿದ ಬೀರುವಿನೊಳಗೆ ಅವಳು ಹೇಗೆ ಇಡಬೇಕಿತ್ತು ಸಾಹೇಬ್ರೇ?"

ಆ ಒಂದು ಕ್ಷಣ ಅವರ ಮುಖ ಕಳೆಗುಂದಿದ್ದನ್ನು ನಾನು ನೋಡಿದೆ. ಆದರೆ ಮೂವತ್ತು ವರ್ಷ ಕುರ್ಚಿಯಲ್ಲಿ ಕೂತು ತಿಪ್ಪೆ ಸಾರಿಸಿದ ಮನುಷ್ಯ ಅಷ್ಟಕ್ಕೆ ಕುಸಿಯುವುದಿಲ್ಲ. ರಿಜಿಸ್ಟರನ್ನು ಮುಚ್ಚಿ ಅದರ ಮೇಲೆ ಕೈಯಿಟ್ಟು ನಿಧಾನವಾಗಿ ಮಾತಾಡಿದರು.

"ಈ ಪ್ರಶ್ನೆ ಕೋರ್ಟಲ್ಲಿ ನನ್ನ ಕೇಳೋದಿಲ್ಲ, ಅವಳನ್ನ ಕೇಳ್ತಾರೆ. ನನ್ನ ಹತ್ರ ಆದೇಶ ಇದೆ, ಅವಳ ಹತ್ರ ಏನಿದೆ? ಮುದುಕ ಬಾಯಿಬಿಟ್ರೆ ಮಾನ ಹೋಗ್ತಿದ್ದದ್ದು ಯಾರ್ದು ಅಂತ ಯೋಚ್ನೆ ಮಾಡಿ. ನೀವು ಆ ಹಾಳೆ ಹೊರಗೆ ತಂದ್ರೆ ತಮ್ಮ ಹೊರಗೆ ಬರ್ತಾನೆ, ಅಕ್ಕ ಒಳಗೆ ಹೋಗ್ತಾಳೆ."

ಎದ್ದು ನಿಂತೆ. ಒಂದು ಕುಂಡವನ್ನಾದರೂ ಒದ್ದು ಬೀಳಿಸಬೇಕೆಂದು ಕಾಲು ತುಡಿಯಿತು. ಗುಲಾಬಿ ಏನು ತಪ್ಪು ಮಾಡಿದೆ ಎಂದು ಸುಮ್ಮನಾದೆ. ಗುಡ್ಡ ಇಳಿಯುವಾಗ ಸಿಟ್ಟಿಗೆ ಕಣ್ಣಲ್ಲಿ ನೀರು ಬಂದಿತ್ತು. ಒಂದು ಸಲವಾದರೂ ಆ ಮನುಷ್ಯ 'ಅಯ್ಯೋ ಪಾಪ' ಎಂದಿದ್ದರೆ ನನ್ನ ಸಂಕಟ ಇಷ್ಟಿರುತ್ತಿರಲಿಲ್ಲವೇನೋ.

ಕೋರ್ಟು ತಲುಪಿದಾಗ ಮೂರೂವರೆ. ಇಸ್ತ್ರಿಯವಳು ಮೊಗಸಾಲೆಯ ಬೆಂಚಿನ ತುದಿಯಲ್ಲಿ ಕೂತಿದ್ದಳು. ವಕೀಲರನ್ನು ಆಚೆ ಕಳಿಸಿ ಎಲ್ಲವನ್ನೂ ಅವಳಿಗೆ ಹೇಳಿದೆ. ಬಚ್ಚಿಡುವ ಹಕ್ಕು ನನಗಿಲ್ಲವೆನಿಸಿತು. ಹಾಳೆ ಕೊಟ್ಟರೆ ಏನಾಗುತ್ತದೆ, ಕೊಡದಿದ್ದರೆ ಏನಾಗುತ್ತದೆ, ಎರಡನ್ನೂ ಹೇಳಿದೆ.

ಬೆಳಗ್ಗೆ ನಕ್ಷೆ ನೋಡಿದಾಗಲೇ ಗೊತ್ತಾಯಿತು ಎಂದಳು. ಬೀರು ತೇವ ಹಿಡಿದಿದೆ, ಬಿಲ್ಲೆಗೆ ಬೂಷ್ಟು ಬರುತ್ತದೆ, ಆ ಗೋಡೆ ಬೆಚ್ಚಗಿದೆ, ಅಲ್ಲಿಗೆ ಹಾಕು ಎಂದು ಸಾಹೇಬರೇ ಬಂದು ಕೊಕ್ಕೆ ತೋರಿಸಿದ್ದರಂತೆ. ಆಗ ಅವಳಿಗೆ ಹತ್ತೊಂಬತ್ತು.

"ಧೂಳು ಕೂತ್ರೆ ಲೆಕ್ಕ ತಪ್ಪುತ್ತೆ ಅಂತ ದಿನಾ ಒರೆಸ್ತಿದ್ದೆ ಮೇಡಂ. ಅಷ್ಟು ಜೋಪಾನ ಮಾಡಿದೆ. ನನ್ನ ಗಂಡ ಸತ್ತಾಗ ಅವರಿಗೂ ಸೊನ್ನೆ ಅಂದ್ರು. ಆ ಸೊನ್ನೆ ನಾನೇ ಮಾಡಿದ್ದಾ?"

ನಾನು ಅವಳ ಕೈ ಹಿಡಿದುಕೊಂಡೆ. ಇಸ್ತ್ರಿಪೆಟ್ಟಿಗೆ ಹಿಡಿದು ಹಿಡಿದು ಅಂಗೈ ದಡ್ಡುಗಟ್ಟಿತ್ತು. ನೀನಲ್ಲ, ನಿನ್ನ ಕೈಯಿಂದ ಮಾಡಿಸಿದವನು ಎಂದೆ. ಅದು ಅವಳ ಕಿವಿಗೆ ಬಿತ್ತೋ ಇಲ್ಲವೋ ತಿಳಿಯಲಿಲ್ಲ. ನನ್ನ ಮಡಿಲಲ್ಲಿದ್ದ ಲಕೋಟೆಯನ್ನು ತೆಗೆದುಕೊಂಡಳು.

ಕರೆ ಬಂತು. ಚಿಕ್ಕ ಕೋಣೆ, ಗರಗರ ಎನ್ನುವ ಫ್ಯಾನು, ಕಡತಗಳ ಹಿಂದೆ ಅರ್ಧ ಮುಳುಗಿದ ಮ್ಯಾಜಿಸ್ಟ್ರೇಟರು. ಪಂಪಿನವನನ್ನು ಇಬ್ಬರು ಪೇದೆಗಳು ರಟ್ಟೆ ಹಿಡಿದು ತಂದು ಕಟಕಟೆಯಲ್ಲಿ ನಿಲ್ಲಿಸಿದರು. ಕಟಕಟೆಯ ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ಸಲ ನಿಂತು ಉಸಿರು ಎಳೆದುಕೊಂಡ. ತುಟಿ ಕಾಗದದ ಬಣ್ಣಕ್ಕೆ ತಿರುಗಿತ್ತು. ಈ ಮನುಷ್ಯ ಹೊಂಡದ ಆಳೆತ್ತರದ ಏರಿಯನ್ನು ಹತ್ತಿ ಮುದುಕನನ್ನು ಒಳಗೆ ನೂಕಿದನೆಂದು ಕಡತದಲ್ಲಿ ಬರೆದಿದ್ದರು.

ವಕೀಲರು ಬಾಯಿ ತೆರೆಯುವ ಮುನ್ನವೇ ಇಸ್ತ್ರಿಯವಳು ಅವರನ್ನು ದಾಟಿ ಮುಂದೆ ಹೋದಳು. ಲಕೋಟೆಯನ್ನು ಮೇಜಿನ ಮೇಲಿಟ್ಟಳು. ಗುಮಾಸ್ತ ಗದರಿದ. ಮ್ಯಾಜಿಸ್ಟ್ರೇಟರು ಹಾಳೆಯನ್ನು ನೋಡಿದರು, ಒಂದು ಫಿಲ್ಮನ್ನು ಎತ್ತಿ ಬೆಳಕಿಗೆ ಹಿಡಿದರು, ಮತ್ತೆ ಹಾಳೆಯ ತಾರೀಖು ನೋಡಿದರು. ಗುಮಾಸ್ತನಿಗೆ ಸುಮ್ಮನಿರುವಂತೆ ಸನ್ನೆ ಮಾಡಿ, ಹೇಳು ಎಂದರು.

ಅವಳು ಹೇಳಿದಳು. ಒಂದೇ ಉಸಿರಿಗೆ, ಅಳದೆ, ಯಾರ ಮುಖವನ್ನೂ ನೋಡದೆ ಹೇಳಿದಳು. ಜಗಳದ ಮರುದಿನ ಇಬ್ಬರೂ ಸೇರಿ ಈ ಹಾಳೆ ಬರೆದರೆಂದಳು. ಗೋಡೆ ಬಿಲ್ಲೆ ಎಂದರೇನೆಂದು ವಿವರಿಸಿದಳು. ಆರು ವರ್ಷ ಅದನ್ನು ಆ ಕೊಕ್ಕೆಗೆ ಹಾಕಿದ ಕೈ ತನ್ನದೇ ಎಂದಳು.

ಮ್ಯಾಜಿಸ್ಟ್ರೇಟರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಅವರ ದನಿ ಬದಲಾಗಿತ್ತು. "ಅಲ್ಲಿ ನೇತುಹಾಕು ಅಂತ ನಿಮಗೆ ಹೇಳಿದ್ದು ಯಾರು?"

ಅವಳು ಉಸಿರು ತೆಗೆದುಕೊಂಡಳು.

"ಅವಳಿಗೇನೂ ಗೊತ್ತಿಲ್ಲ ಸ್ವಾಮಿ."

ಒಂಬತ್ತು ದಿನದಲ್ಲಿ ಪಂಪಿನವನು ಆಡಿದ ಮೊದಲ ಮಾತು. ಕಟಕಟೆಯ ಕಂಬಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದ. ಅಕ್ಕನನ್ನು ನೋಡಲಿಲ್ಲ.

"ನನ್ನ ಬಿಡಿಸೋಕೆ ಸುಳ್ಳು ಹೇಳ್ತಿದಾಳೆ. ಬಿಲ್ಲೆ ಮುಟ್ಟಿದೋಳಲ್ಲ ಅವಳು. ಮುದುಕನ್ನ ಹೊಂಡಕ್ಕೆ ತಳ್ಳಿದ್ದು ನಾನೇ. ಬರ್ಕೊಳ್ಳಿ."

ಕೋಣೆಯಲ್ಲಿ ಗದ್ದಲವೆದ್ದಿತು. ನಾನು ಎದ್ದು ನಿಂತು, ಅವನು ಹೇಳುತ್ತಿರುವುದು ಶುದ್ಧ ಸುಳ್ಳು, ಸಾಹೇಬರು ಬುಧವಾರ ಮುದುಕನನ್ನು ನೋಡಿದ್ದಾರೆ ಎಂದು ಕೂಗಿದೆ. ಪೇದೆ ನನ್ನ ತೋಳು ಹಿಡಿದ. ವಕೀಲರು ಹಣೆಗೆ ಕೈ ಹಚ್ಚಿದರು. ಇನ್‌ಸ್ಪೆಕ್ಟರು ಮಾತ್ರ ಬಾಗಿಲ ಬಳಿ ನೆಮ್ಮದಿಯಿಂದ ಟೋಪಿ ಸರಿಮಾಡಿಕೊಂಡ.

ಗುಮಾಸ್ತ ಹೊಸ ಹಾಳೆ ಎಳೆದುಕೊಂಡು ಬರೆಯತೊಡಗಿದ. ಮ್ಯಾಜಿಸ್ಟ್ರೇಟರು ಫಿಲ್ಮುಗಳನ್ನು ಒಂದೊಂದಾಗಿ ಲಕೋಟೆಗೆ ತುಂಬಿ, ಅವಳ ಕಡೆಗೆ ತಳ್ಳಿದರು.

"ನೀವು ಕೂತ್ಕೊಳ್ಳಿ ಅಮ್ಮ. ನಿಮ್ಮ ಉತ್ತರ ಇನ್ನು ಬೇಕಾಗಿಲ್ಲ."

ಅವಳು ಕೂರಲಿಲ್ಲ.